ಗಾಜಿನಾಚೆಯ ಗುರುವಪ್ಪ

ಗಂಡನ ಕಿವಿ ಕೆಟ್ಟಿರಲಿ ದೇವರೇ ಎಂದು ಬೇಡಿಕೊಳ್ಳುವ ಹೆಂಡತಿ ಇಡೀ ಠಾಣೆ ಶಹರದಲ್ಲಿ ತಾನೊಬ್ಬಳೇ ಇರಬೇಕು ಎನ್ನಿಸಿ ದಮಯಂತಿಗೆ ನಾಚಿಕೆಯಾಯಿತು. ಬೇಡಿಕೊಳ್ಳುವುದನ್ನು ಮಾತ್ರ ನಿಲ್ಲಿಸಲಿಲ್ಲ. ನೌಪಾಡಾದ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಕ್ಲಿನಿಕ್ಕಿತ್ತು. ಗೋಡೆಯಲ್ಲಿ ದಪ್ಪ ಗಾಜಿನ ಕಿಟಕಿ, ಅದರಾಚೆ ಪೆಟ್ಟಿಗೆಯಂಥ ಪುಟ್ಟ ಕೋಣೆ, ಅದರೊಳಗೆ ಹೆಡ್‌ಫೋನ್ ಹಾಕಿಕೊಂಡು ಗುರುವಪ್ಪ ಕುಳಿತಿದ್ದ. ಸೀಟಿಯಂಥ ಸಣ್ಣ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಬೇಕಂತೆ. ಒತ್ತುತ್ತಿದ್ದ. ಅವನು ಒತ್ತಿದ ಪ್ರತಿ ಸಲವೂ ಈಚೆ ಬೆಂಚಿನ ಮೇಲೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಕಿವಿ ಕೆಟ್ಟಿದ್ದರೆ ಇಪ್ಪತ್ತಾರು ವರ್ಷದ್ದೆಲ್ಲವನ್ನೂ ಮನ್ನಿಸಿಬಿಡಬಹುದು. ಸರಿಯಿದ್ದರೆ ಬರುವ ಭಾನುವಾರ ನೇರುಳಿಗೆ, ತಂಗಿ ಜಲಜಳ ಮನೆಗೆ, ಮತ್ತೆ ಡೊಂಬಿವಲಿಯ ಮನೆಯ ಕಡೆ ತಲೆಹಾಕುವುದಿಲ್ಲ. ಹೊಲಿಗೆ ಯಂತ್ರ ಸಾಗಿಸಲು ಟೆಂಪೋದವನಿಗೆ ಹೇಳಿಯೂ ಆಗಿತ್ತು. ಗುರುವಪ್ಪನಿಗೆ ಮಾತ್ರ ಹೇಳಿರಲಿಲ್ಲ. ಹೇಳಿ ಪ್ರಯೋಜನವೇನು, ಹೂಂ ಎನ್ನುತ್ತಾನೆ.

ಆ ಹೂಂ ಒಂದಕ್ಕೇ ಅವಳು ಸೋತದ್ದು. ಕುಡಿಯಲಿಲ್ಲ, ಹೊಡೆಯಲಿಲ್ಲ, ಸಂಬಳ ತಂದು ಕೈಗಿಡುತ್ತಿದ್ದ, ಊರಿನವರ ಮುಂದೆ ದೂರುವುದಕ್ಕೆ ಒಂದೂ ಕಾರಣವಿಲ್ಲದ ಗಂಡ. ಗಿರಾಕಿಗಳ ಸೀರೆಯಂಚಿಗೆ ಫಾಲ್-ಪೀಕೋ ಹೊಲಿಯುವ ಯಂತ್ರ ತುಳಿಯುತ್ತ ಅವಳು ಏನಾದರೂ ಹೇಳಿದರೆ ‘ದಾನೆ?’ ಎನ್ನುತ್ತಿದ್ದ, ತುಳುವಿನಲ್ಲಿ ಏನು ಎಂದು ಕೇಳುವ ಆ ಒಂದೇ ಮಾತು. ಪುನಃ ಹೇಳಿದರೆ ಪುನಃ ‘ದಾನೆ?’. ಆಮೇಲೆ ಒಂದು ಹೂಂ, ಒಂದು ತಲೆಯಾಡಿಸುವಿಕೆ, ಅಲ್ಲಿಗೆ ಮುಗಿಯಿತು. ಮಗಳು ಮಾನಸಿಯ ಶಾಲೆಯ ಮೀಟಿಂಗು ಎಂದಾಗಲೂ ಹೂಂ, ತನಗೆ ಜ್ವರ ಎಂದಾಗಲೂ ಹೂಂ. ಮಾನಸಿ ಮದುವೆಯಾಗಿ ಪುಣೆಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದಾಗ, ಗೋಡೆಯ ಜೊತೆ ಮಾತಾಡಿದರೂ ಇದಕ್ಕಿಂತ ಮರ್ಯಾದೆಯಿದೆ ಎಂದು ಅವಳಿಗೆ ಅನ್ನಿಸತೊಡಗಿತು. ಗೋಡೆ ಕನಿಷ್ಠ ತಲೆಯಾಡಿಸುವುದಿಲ್ಲ. ಗಾಜಿನಾಚೆ ಗುರುವಪ್ಪ ಮತ್ತೊಮ್ಮೆ ಗುಂಡಿ ಒತ್ತಿದ, ಶಾಲೆಯಲ್ಲಿ ಸರಿ ಉತ್ತರ ಹೇಳಿದ ಮಗುವಿನ ಹಾಗೆ ಅವಳ ಕಡೆ ನೋಡಿ ಸಣ್ಣಗೆ ನಕ್ಕ. ಅವಳು ನಗಲಿಲ್ಲ. ಹನ್ನೊಂದು ವರ್ಷದ ಹಿಂದೆಯೂ ಹೀಗೇ ತಿರುಗಿ ನೋಡಿ ನಕ್ಕಿದ್ದ. ಬೆಳಗಿನ ಐದೂವರೆ, ನಲ್ಲಿಗೆ ನೀರು ಬಂದ ಹೊತ್ತು, ಬಚ್ಚಲಲ್ಲಿ ಡ್ರಮ್ಮು ತುಂಬುತ್ತಿತ್ತು, ಒಲೆಯ ಪಕ್ಕ ಮಿಕ್ಸಿ ತಿರುಗುತ್ತಿತ್ತು. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಅವಳ ತವರಿನಿಂದ ಫೋನು ಬಂದು ಐದು ನಿಮಿಷವೂ ಆಗಿರಲಿಲ್ಲ. ಅಮ್ಮ ತೀರಿಹೋದರು ಎಂದು ಅವಳು ಹೇಳಿದಳು. ಅವನು ಹೂಂ ಎಂದು ತಲೆಯಾಡಿಸಿ ಹೋಟೆಲಿನ ಕೆಲಸಕ್ಕೆ ಲೋಕಲ್ ರೈಲು ಹಿಡಿಯಲು ಹೊರಟುಹೋದ.

ಅವಳು ಮಗಳನ್ನು ಕಟ್ಟಿಕೊಂಡು ಒಬ್ಬಳೇ ಬಸ್ಸಿನಲ್ಲಿ ಊರಿಗೆ ಹೋದಳು. ಸಂಜೆ ಜಲಜ ಹೋಟೆಲಿಗೆ ಫೋನು ಮಾಡಿದ ಮೇಲೆ ಸುದ್ದಿ ತಿಳಿಯಿತೆಂದು ಅವನು ಮರುದಿನದ ರೈಲಿಗೆ ಬಂದ. ಬಂದವನು ಅಂಗಳದಲ್ಲಿ ನಿಂತು, ನಾಲ್ಕು ಜನರೆದುರಿಗೆ, ‘ನೀನು ನನಗೆ ಹೇಳಲೇ ಇಲ್ಲ’ ಎಂದ. ಹೇಳಿದ್ದೇನೆ ಎಂದರೆ ಅತ್ತೆ ಸತ್ತ ಸುದ್ದಿ ಕೇಳಿಯೂ ದೋಸೆ ಹುಯ್ಯಲು ಹೋದವನ ಹೆಂಡತಿಯಾಗುತ್ತಾಳೆ. ಹೇಳಲಿಲ್ಲ ಎಂದರೆ ಗಂಡನಿಗೆ ಹೇಳದೆ ಬಂದ ಗರ್ವದವಳಾಗುತ್ತಾಳೆ. ಎರಡನೆಯದನ್ನೇ ಹೊತ್ತುಕೊಂಡಳು. ಅಂದಿನಿಂದ ಆ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಗಿ ಕೂತಿದೆ, ನುಂಗಲಿಕ್ಕೂ ಇಲ್ಲ, ಉಗುಳಲಿಕ್ಕೂ ಇಲ್ಲ.

‘ಕಾಕು, ಒಳಗ ಬರ್ರಿ,’ ಎಂದು ಮರಾಠಿ ರೂಢಿಯಂತೆ ಚಿಕ್ಕಮ್ಮ ಮಾಡಿ ಕರೆದದ್ದು ಪರೀಕ್ಷೆ ಮಾಡುತ್ತಿದ್ದ ಹುಡುಗಿ. ದಾನೇಶ್ವರಿ ಎಂದು ಹೆಸರು, ಮೂವತ್ತು ದಾಟಿರಲಿಕ್ಕಿಲ್ಲ, ಬಿಳಿ ಕೋಟು. ಅಪ್ಪ ಕಲಬುರಗಿಯಿಂದ ಬಂದು ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಓದಿಸಿದನೆಂದು, ಹೆಸರು ಬರೆದುಕೊಳ್ಳುವಾಗ ದಮಯಂತಿಯ ಕನ್ನಡ ಕೇಳಿದ ಖುಷಿಗೆ, ತಾನಾಗಿಯೇ ಹೇಳಿದ್ದಳು. ಈಗ ಅವಳ ಮುಂದೆ ಒಂದು ಹಾಳೆ ಇತ್ತು, ಹಾಳೆಯ ಮೇಲೆ ಗೆರೆಗಳು. ‘ಕಾಕಾರ ಕಿವಿ ಏಕದಂ ಛಲೋ ಅದಾವ್ರಿ. ಈ ವಯಸ್ಸಿಗೆ ಇಷ್ಟ್ ಛಲೋ ಇರೋದು ಕಮ್ಮಿ.’

ಹೀಗೇ ಆಗುತ್ತದೆಂದು ಗೊತ್ತಿತ್ತಲ್ಲ ಎಂದುಕೊಂಡಳು ದಮಯಂತಿ. ಭಾನುವಾರ. ಜಲಜಳಿಗೆ ಈಗಲೇ ಫೋನು ಮಾಡಬೇಕು. ಕಿವಿ ಚೆನ್ನಾಗಿಟ್ಟುಕೊಂಡು ಇಪ್ಪತ್ತಾರು ವರ್ಷ ತನ್ನ ಮಾತನ್ನು ಬೇಕೆಂದೇ ಬಿದ್ದುಹೋಗಲು ಬಿಟ್ಟ ಮನುಷ್ಯ ಗಾಜಿನಾಚೆ ಆರಾಮಾಗಿ ಕೂತು ಚಾವಣಿ ನೋಡುತ್ತಿದ್ದ. ಅವಳಿಗೆ ಸಿಟ್ಟು ನೆತ್ತಿಗೇರಿತು. ಪರಿಚಯವಿಲ್ಲದ ಹುಡುಗಿ ಎಂಬುದನ್ನೂ ಮರೆತು, ‘ಹಾಗಾದ್ರೆ ಇಷ್ಟು ವರ್ಷ ನಾಟಕ ಮಾಡಿದ್ದಾ ಇವರು?’ ಎಂದುಬಿಟ್ಟಳು.

ದಾನೇಶ್ವರಿ ಹಾಳೆ ಬದಿಗಿಟ್ಟಳು. ‘ಏನೇನ್ ಮಾಡ್ತಾರ, ಹೇಳ್ರಿ ನೋಡೋಣು.’

ಕೇಳಬೇಕೇ. ಹನ್ನೊಂದು ವರ್ಷದಿಂದ ಅದುಮಿಟ್ಟದ್ದು ಕಟ್ಟೆಯೊಡೆಯಿತು. ‘ಏನು ಹೇಳಿದ್ರೂ ಎಂತ ಅಂತ ಕೇಳ್ತಾರೆ. ಕೆಲವು ಸಲ ನಾನು ಪುನಃ ಹೇಳ್ಲಿಕ್ಕೆ ಬಾಯಿ ತೆಗೆಯುವಾಗ ಅವರೇ ಉತ್ತರ ಕೊಡ್ತಾರೆ. ಕೇಳಿದೆ ಅಂತ ಆಯ್ತಲ್ಲ? ಮನೆಗೆ ಬಂದ ಕೂಡಲೇ ಫ್ಯಾನು ಆಫ್ ಮಾಡ್ತಾರೆ, ಎಂಥ ಸೆಕೆ ಇದ್ರೂ. ಮದುವೆ-ಮುಂಜಿಗೆ ಹೋದ್ರೆ ಒಂದು ಮೂಲೆಯಲ್ಲಿ ನಗ್ತಾ ಕೂತುಬಿಡ್ತಾರೆ, ಯಾರ ಹತ್ರವೂ ಮಾತಿಲ್ಲ. ಫೋನು ಬಂದ್ರೆ ನೀನೇ ಮಾತಾಡು. ಮಾರ್ಕೆಟ್ಟಿಂದ ಮೂರು ಸಾಮಾನು ಹೇಳಿದ್ರೆ ಒಂದು ತರ್ತಾರೆ. ಸ್ಟೇಷನ್ನಲ್ಲಿ ಹಿಂದಿನಿಂದ ಕರೆದ್ರೆ ಊರೆಲ್ಲ ನೋಡ್ತಾರೆ, ನಾನಿರುವ ದಿಕ್ಕು ಒಂದು ಬಿಟ್ಟು. ಡ್ಯೂಟಿ ಮುಗಿಸಿ ಬಂದ್ರೆ ಬಂಡೆ ಹೊತ್ತವರ ಹಾಗೆ ಸುಸ್ತು. ಅರ್ಧ ಗಂಟೆ ಕಣ್ಣು ಮುಚ್ಚಿ ಕೂರ್ತಾರೆ, ಒಂದು ಮಾತಿಲ್ಲ.’ ಬೈಗುಳದ ರಭಸದಲ್ಲೇ ಅವಳು ಗಮನಿಸಿದಳು, ಹುಡುಗಿ ಒಂದೊಂದನ್ನೂ ಬರೆದುಕೊಳ್ಳುತ್ತಿದ್ದಾಳೆ, ಒಂದೊಂದಕ್ಕೂ ತಲೆ ಮೇಲಕ್ಕೆ ಕೆಳಕ್ಕೆ ಹೋಗುತ್ತಿದೆ, ಮುಂದಿನದು ಏನು ಬರುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ. ದಮಯಂತಿಯ ದನಿ ತಗ್ಗಿತು. ತನ್ನ ಮನೆಯ ನಾಲ್ಕು ಗೋಡೆಯ ದೂರು ಈ ಹುಡುಗಿಗೆ ಹೇಗೆ ಗೊತ್ತು?

‘ಮತ್ತ ಕೆಲಸದಾಗ? ಹೋಟೆಲ್ ಕಿಚನ್ ಅಂದ್ರ ಭಾಳ ಗದ್ದಲ ಇರ್ತದಲ್ರಿ?’

ಅದನ್ನು ಹೇಳಲು ಅವಳಿಗೆ ಸಂಕೋಚವಾಯಿತು, ಯಾಕೆಂದರೆ ಅದನ್ನು ಅವಳು ಯಾವತ್ತೂ ಗಂಡನ ದೊಡ್ಡಸ್ತಿಕೆ ಎಂದೇ ತಿಳಿದಿದ್ದಳು. ಆದರೂ ಹೇಳಿದಳು. ಎಲ್ಲ ಹೋಟೆಲಿನಲ್ಲೂ ವೇಟರು ಹೊರಗಿನಿಂದಲೇ ಆರ್ಡರು ಕೂಗುತ್ತಾನೆ, ಭಟ್ಟರು ಕಿವಿಯಲ್ಲೇ ಹಿಡಿದುಕೊಳ್ಳುತ್ತಾರೆ. ಗುರುವಪ್ಪನ ತವಾದ ಮುಂದೆ ಕೂಗುವಂತಿರಲಿಲ್ಲ. ಹತ್ತಿರ ಬಂದು ಕಟ್ಟೆಯ ಮೇಲೆ ಸಾಮಾನು ಇಟ್ಟು ಹೋಗಬೇಕು: ಆಲೂಗಡ್ಡೆ ತುಂಡಿಟ್ಟರೆ ಮಸಾಲೆ, ಕರಿಬೇವಿನ ಎಲೆ ಸಾದಾ, ಒಣಮೆಣಸು ಮೈಸೂರು ಮಸಾಲೆ, ಈರುಳ್ಳಿ ಚೂರು ಉತ್ತಪ್ಪ. ಇಟ್ಟ ಸಾಲಿನಲ್ಲೇ ದೋಸೆ ಏಳುತ್ತಿತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ‘ಗುರುವಣ್ಣಗ ನೈವೇದ್ಯ ಇಡಬೇಕ್ರಿ, ಇಲ್ಲಂದ್ರ ದೋಸಿ ಕೊಡಂಗಿಲ್ಲ’ ಎಂದು ವೇಟರ್ ಸೈದಪ್ಪ ಮನೆಗೆ ಬಂದಾಗ ಗೇಲಿ ಮಾಡಿದ್ದ, ಅವಳೂ ನಕ್ಕಿದ್ದಳು. ಈಗ ಹೋಟೆಲಿನ ಧಣಿಯ ಮಗ ಯೋಗೀಶ್ ಕಾರುಬಾರು ವಹಿಸಿಕೊಂಡು ಅದೆಲ್ಲ ಹೊಲಸು ಎಂದು ನಿಲ್ಲಿಸಿ, ತಲೆಯ ಮೇಲೊಂದು ಸ್ಪೀಕರ್ ಹಾಕಿಸಿದ. ಒಂದೇ ವಾರದಲ್ಲಿ ಗುರುವಪ್ಪನ ಕೈ ತಪ್ಪತೊಡಗಿತು. ಗಿರಾಕಿಗಳ ಮುಂದೆಯೇ ಯೋಗೀಶ್ ‘ಕಿವಿ ತೋರ್ಸಿಕೊಂಡು ಬನ್ನಿ’ ಎಂದನಂತೆ. ಅದಕ್ಕೇ ಇವತ್ತು ಇಲ್ಲಿಗೆ.

ದಾನೇಶ್ವರಿಯ ಪೆನ್ನು ನಿಂತಿತ್ತು. ‘ಇದನ್ನ ಅವರಽ ಸ್ವಂತ ತಲಿ ಓಡಿಸಿ ಹುಡಿಕ್ಯಾರೇನ್ರಿ? ಯಾರೂ ಕಲಿಸಿಲ್ಲಾ?’ ಎಂದು ಗಾಜಿನ ಕಡೆ ತಿರುಗಿ ಗುರುವಪ್ಪನನ್ನು ನೋಡಿದಳು. ತನ್ನ ಗಂಡನನ್ನು ಹೀಗೆ ಬೆರಗಿನಿಂದ ನೋಡಿದವರನ್ನು ದಮಯಂತಿ ಈವರೆಗೆ ಕಂಡಿರಲಿಲ್ಲ. ಏನನ್ನು ನೋಡುತ್ತಿದ್ದಾಳೆ ಇವಳು ಎಂದು ತಾನೂ ತಿರುಗಿ ನೋಡಿದಳು.

ಎರಡನೆಯ ಪರೀಕ್ಷೆ ಕನ್ನಡದಲ್ಲಿ. ತುಳುವಿನದ್ದು ತನ್ನ ಹತ್ತಿರ ಇಲ್ಲ ಎಂದು ದಾನೇಶ್ವರಿ ಹೇಳಿದಳು, ಅವನು ಏಳನೆಯವರೆಗೆ ಕನ್ನಡ ಶಾಲೆಗೆ ಹೋದವನು, ನಡೆಯುತ್ತದೆ. ಹೆಡ್‌ಫೋನಿನಲ್ಲಿ ಯಾರೋ ವಾಕ್ಯ ಹೇಳುತ್ತಾರೆ, ಅವನು ಅದನ್ನು ತಿರುಗಿ ಹೇಳಬೇಕು. ಸದ್ದಿಲ್ಲದಾಗ ಗುರುವಪ್ಪ ಒಂದೂ ಬಿಡದೆ ಹೇಳಿದ, ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. ಆಮೇಲೆ ದಾನೇಶ್ವರಿ ವಾಕ್ಯದ ಹಿಂದೆ ಸಂತೆಯ ಗದ್ದಲದಂಥದನ್ನು ಸೇರಿಸಿದಳು. ಗುರುವಪ್ಪನ ಮುಖ ಬದಲಾಯಿತು. ಮೊದಲು ಹಣೆ ಗಂಟಿಕ್ಕಿತು, ಆಮೇಲೆ ಕಣ್ಣು ಓಡಾಡತೊಡಗಿತು, ಗಾಜಿನಾಚೆಯಿಂದ ದಾನೇಶ್ವರಿಯ ಬಾಯನ್ನು ಹುಡುಕಿತು. ಮಾತಾಡುತ್ತಿದ್ದವಳು ಅವಳಲ್ಲ ಎಂದು ತಿಳಿದದ್ದೇ ಅಲ್ಲಿಂದ ಜಾರಿ ದಮಯಂತಿಯ ಬಾಯಿಗೆ ಬಂದು ನಿಂತಿತು. ಅವಳ ತುಟಿಗಳನ್ನೇ ನೋಡುತ್ತಿದ್ದ. ‘ದಾನೆ?’ ಎಂದ. ಹೆಡ್‌ಫೋನು ತಿರುಗಿ ಹೇಳುವುದಿಲ್ಲವಲ್ಲ. ಇನ್ನೊಂದು ವಾಕ್ಯ, ‘ದಾನೆ?’. ಆಮೇಲೆ ಹೂಂ ಎಂದು ತಲೆಯಾಡಿಸಿದ, ಸಣ್ಣಗೆ ನಕ್ಕ. ಆ ನಗು. ಮದುವೆಮನೆಯ ಮೂಲೆಯ ನಗು, ಚಪ್ಪಲಿ ಮೆಟ್ಟುತ್ತ ತಿರುಗಿದ ಬೆಳಗಿನ ನಗು. ಇಷ್ಟು ಕಾಲ ಅದನ್ನು ಅವಳು ಉದಾಸೀನ ಎಂದು ತಿಳಿದಿದ್ದಳು. ಗಾಜಿನ ಈಚೆಯಿಂದ, ತಾನು ಅವನಿಗೆ ಏನೂ ಹೇಳದಿರುವ ಹೊತ್ತಿನಲ್ಲಿ ನೋಡಿದಾಗ ಅದು ಹೆದರಿಕೆಯಾಗಿತ್ತು. ಬರಿಯ ಹೆದರಿಕೆ.

ಬಲಗಿವಿಗೊಂದು ಎಡಗಿವಿಗೊಂದು ಅಂಕಿಯನ್ನು ಒಟ್ಟಿಗೇ ಹೇಳಿದಾಗ ಅವನು ಬಲಗಿವಿಯದ್ದನ್ನು ಮಾತ್ರ ಹೇಳುತ್ತ ಹೋದ; ಇನ್ನೊಂದು ಬಂದದ್ದೇ ಅವನಿಗೆ ಗೊತ್ತಾದಂತೆ ಕಾಣಲಿಲ್ಲ. ಮುಗಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಎರಡು ಪಾಳಿ ತವಾದ ಮುಂದೆ ನಿಂತಾಗಲೂ ಅವನು ಇಷ್ಟು ಬೆವರಿದ್ದನ್ನು ಅವಳು ನೋಡಿರಲಿಲ್ಲ. ನೀರು ಕುಡಿಯಲು ಅವನು ಹೊರಗೆ ಬಂದಾಗ ದಮಯಂತಿ, ‘ನಾನೂ ಒಮ್ಮೆ ಕೂರ್ಬಹುದಾ ಅಲ್ಲಿ?’ ಎಂದು ಕೇಳಿದಳು. ಯಾಕೆ ಕೇಳಿದಳೋ ಅವಳಿಗೇ ಗೊತ್ತಿಲ್ಲ.

ಬಾಗಿಲು ಮುಚ್ಚಿದ್ದೇ ರಸ್ತೆ ಹೋಯಿತು, ಫ್ಯಾನು ಹೋಯಿತು, ತನ್ನ ಬಳೆಯ ಸದ್ದು ಮಾತ್ರ ಉಳಿಯಿತು. ಅದೇ ಗದ್ದಲ ಬಂತು, ಗದ್ದಲದೊಳಗಿಂದ ಒಂದು ಹೆಂಗಸಿನ ದನಿ. ಇಷ್ಟೇನಾ? ಅಕ್ಕಿಯೊಳಗಿನ ಕಲ್ಲು ಬೆರಳಿಗೆ ತಾನಾಗಿ ಸಿಗುವಂತೆ ವಾಕ್ಯಗಳು ಸಿಗುತ್ತಿದ್ದವು. ಹೇಳುತ್ತ ಹೋದಳು, ಒಂದೂ ತಪ್ಪಲಿಲ್ಲ. ನಾಲ್ಕನೆಯದಕ್ಕೋ ಐದನೆಯದಕ್ಕೋ ಅವಳ ಮೈ ಜುಮ್ಮೆಂದಿತು. ಇದನ್ನು ತಾನು ಮಾಡುತ್ತಿಲ್ಲ. ತನ್ನೊಳಗೆ ಏನೋ ಮಾಡುತ್ತಿದೆ. ಹುಟ್ಟಿದಾಗಿನಿಂದ, ಯಾರೂ ಕಲಿಸದೆ, ಯಾರೂ ಕೇಳದೆ, ರೈಲಿನ ಸದ್ದಿನಿಂದ ಮಗಳ ಅಳುವನ್ನು, ಮಿಕ್ಸಿಯ ಸದ್ದಿನಿಂದ ಬಾಗಿಲ ಗಂಟೆಯನ್ನು ಅದು ಆರಿಸಿ ಆರಿಸಿ ಕೈಗಿಡುತ್ತ ಬಂದಿದೆ. ಅಂಥದೊಂದು ತನ್ನ ಹತ್ತಿರ ಇದೆ ಎಂದೇ ಅವಳಿಗೆ ಐವತ್ತು ವರ್ಷ ಗೊತ್ತಿರಲಿಲ್ಲ. ಅದಿಲ್ಲದವನು ಹೊರಗೆ ಬೆಂಚಿನ ಮೇಲೆ ನೀರು ಕುಡಿಯುತ್ತ ಕೂತಿದ್ದಾನೆ. ಮಾತಿನ ಚೂರುಗಳನ್ನು ಕಣ್ಣಿನಿಂದ, ತುಟಿಯಿಂದ, ಊಹೆಯಿಂದ ಒಂದೊಂದಾಗಿ ಹೆಕ್ಕಿ ಜೋಡಿಸುತ್ತ, ಆ ಸುಸ್ತಿನಲ್ಲೇ ಇಪ್ಪತ್ತಾರು ವರ್ಷ ಡೊಂಬಿವಲಿಯಿಂದ ಠಾಣೆಗೆ ಹೋಗಿ ಬಂದಿದ್ದಾನೆ. ಯಾರಿಗೂ ಗೊತ್ತಾಗದಂತೆ. ಅವಳಿಗೆ ಕೈಮುಗಿಯಬೇಕೆನ್ನಿಸಿತು, ಯಾವುದಕ್ಕೆ, ಯಾರಿಗೆ ಎಂದು ತಿಳಿಯಲಿಲ್ಲ.

‘ಕಿವಿ ಮಾಲು ಬರೋಬರ್ ತಂದು ಇಳಸ್ತಾವ್ರಿ,’ ಎಂದು ದಾನೇಶ್ವರಿ ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಫ್ಯಾನು ಆರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ‘ಯಾವ ಮೂಟಿ ಯಾವ ಅಂಗಡಿಗಿ ಅಂತ ಒಳಗ ಮೆದುಳು ಹಚ್ಚಬೇಕಲ್ಲ, ಅಲ್ಲಿ ಗೊಂದಲ ಆಗ್ತದ. ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್ ಅಂತಾರ. ಇವತ್ತ ಒಂದ ದಿನದಾಗ ಪಕ್ಕಾ ಅಂತ ಬರದು ಕೊಡಂಗಿಲ್ಲ ನಾ, ಇನ್ನೊಂದ್ ಸಲ ಬರಬೇಕು, ಇನ್ನೂ ಟೆಸ್ಟ್ ಅದಾವ. ಆದ್ರ ಲಕ್ಷಣ ಎಲ್ಲಾ ಅದಽ ಹೇಳ್ತಾವ. ಸಣ್ಣವರಿದ್ದಾಗಿಂದ ಇರಬೇಕು. ಸಾಲ್ಯಾಗ ದಡ್ಡ ಅಂದಿರಬೇಕಲ್ರಿ ಕಾಕಾ?’ ಗುರುವಪ್ಪ ತಲೆಯಾಡಿಸಿದ. ಈ ಸಲದ್ದು ನಿಜವಾದ ಹೂಂ ಎಂದು ದಮಯಂತಿಗೆ ಗೊತ್ತಾಯಿತು. ಗುಳಿಗೆಯಿಂದ ಹೋಗುವಂಥದ್ದಲ್ಲ, ಅಭ್ಯಾಸದಿಂದ ಅಷ್ಟಿಷ್ಟು ಸುಧಾರಿಸಬಹುದು. ಉಳಿದದ್ದು ಸುತ್ತಲಿನವರ ಕೈಯಲ್ಲಿದೆ ಎಂದಳು ಹುಡುಗಿ. ಎದುರು ನಿಂತು ಮಾತಾಡಬೇಕು, ನಲ್ಲಿ ಮಿಕ್ಸಿ ನಿಲ್ಲಿಸಬೇಕು, ಸಣ್ಣ ಸಣ್ಣ ಮಾತು, ಮತ್ತು ಕಾಯಬೇಕು. ‘ಮನಸ್ಸಿನಾಗ ಐದರ ತನಕಾ ಎಣಸ್ರಿ ಕಾಕು. ಉತ್ತರ ಬರ್ತದ. ತಡಾ ಆಗಿ ಬರ್ತದ, ಅಷ್ಟಽ.’ ಕಟ್ಟೆಯ ಮೇಲಿನ ಆಲೂಗಡ್ಡೆ, ಕರಿಬೇವು ತಿರುಗಿ ಬರಲಿ ಎಂದು ಯೋಗೀಶನಿಗೆ ಒಂದು ಚೀಟಿಯನ್ನೂ ಬರೆದಳು.

ಮುಂದಿನ ಪೇಷಂಟು ತಡವಾಗಿ ಬರುತ್ತೇನೆಂದು ಫೋನು ಮಾಡಿದ್ದ. ಗುರುವಪ್ಪ ಎದ್ದು ಆ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು, ‘ಐದು ನಿಮಿಷ ಇಲ್ಲಿ ಕೂತುಕೊಳ್ಲಾ? ಎಷ್ಟು ಚಂದ ಉಂಟು ಇಲ್ಲಿ’ ಎಂದ. ದಾನೇಶ್ವರಿ ನಕ್ಕು ಹೂಂ ಎಂದಳು. ಅವನು ಹೆಂಡತಿಯನ್ನೂ ಒಳಗೆ ಕರೆದು ಬಾಗಿಲು ಹಾಕಿದ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ. ಇಷ್ಟು ಹತ್ತಿರದಿಂದ, ಎದುರುಬದುರಾಗಿ ಕೂತು ಎಷ್ಟು ವರ್ಷವಾಯಿತೋ.

‘ನೀನು ನೇರುಳಿಗೆ ಹೊರಟದ್ದು ನನಗೆ ಗೊತ್ತುಂಟು,’ ಎಂದ.

‘ಯಾರು ಹೇಳಿದ್ರು?’ ಕೇಳಿ ಅವಳು ಕಾದಳು. ಮನಸ್ಸಿನಲ್ಲಿ ನಾಲ್ಕು ಎಣಿಸುವುದರೊಳಗೆ ಬಂತು.

‘ಯಾರೂ ಹೇಳ್ಲಿಲ್ಲ. ಗಿರಾಕಿಗಳ ಸೀರೆ ಎಲ್ಲ ವಾಪಸು ಹೋಯ್ತು. ಮೆಷಿನಿನ ಸೂಜಿ ಬಿಚ್ಚಿ ಡಬ್ಬಿಗೆ ಹಾಕಿದಿ. ಕಣ್ಣು ಉಂಟಲ್ಲ ನನಗೆ.’

‘ಮತ್ತೆ ಯಾಕೆ ಕೇಳ್ಲಿಲ್ಲ?’

ಈ ಸಲ ಐದು ದಾಟಿತು, ಹತ್ತು ದಾಟಿತು. ಅವಳು ಬಾಯಿ ಹಾಕಲಿಲ್ಲ. ‘ಕೇಳಿದ್ರೆ ನೀನು ಹೇಳ್ತಿ. ಅದು ನನಗೆ ಒಂದೇ ಸಲಕ್ಕೆ ಸಿಗ್ಲಿಕ್ಕಿಲ್ಲ. ಎರಡು ಸಲ ಕೇಳ್ಬಹುದು. ಮೂರನೇ ಸಲಕ್ಕೆ ಮುಖ ಬದಲಾಗ್ತದೆ, ಎಲ್ಲರದ್ದೂ. ಮೇಷ್ಟ್ರದ್ದು, ಧಣಿಗಳದ್ದು. ನಿನ್ನದೂ. ಅದಕ್ಕೆ ನಾನು ಮೂರನೇ ಸಲ ಯಾರನ್ನೂ ಕೇಳುವುದೇ ಇಲ್ಲ.’ ಸ್ವಲ್ಪ ಹೊತ್ತು ಅಂಗೈ ನೋಡಿಕೊಂಡ, ತವಾದ ಸುಟ್ಟ ಕಲೆಗಳಿದ್ದ ಅಂಗೈ. ‘ಆ ದಿನವೂ ಎರಡು ಸಲ ಕೇಳಿದ್ದೆ. ನೀರು ಬೀಳ್ತಿತ್ತು. ನೀನು ನಿಂತದ್ದು ನೋಡಿ ಎಂತದೋ ಆಗಿದೆ ಅಂತ ಗೊತ್ತಾಯ್ತು. ಪುನಃ ಕೇಳ್ಲಿಕ್ಕೆ ಹೆದರಿ ಹೂಂ ಅಂದೆ. ಕಲ್ವಾ ಸ್ಟೇಷನ್ ತನಕ ಲೋಕಲಿನಲ್ಲಿ ಅದೇ ಯೋಚನೆ, ತಿರುಗಿ ಹೋಗಿ ಕೇಳುವನಾ ಅಂತ. ಹೋಗ್ಲಿಲ್ಲ.’

ದಮಯಂತಿಗೆ ಆ ಬೆಳಗು ಪೂರ್ತಿ ಕಂಡಿತು. ಅವನು ಎರಡು ಸಲ ಕೇಳಿದ್ದು ಹೌದು. ತಾನು ಎರಡನೆಯ ಸಲವೂ ಮಿಕ್ಸಿ ನಿಲ್ಲಿಸದೆ, ಅವನ ಕಡೆ ತಿರುಗದೆ, ಒಲೆಯ ಕಡೆಗೇ ಹೇಳಿದ್ದೂ ಹೌದು. ಹನ್ನೊಂದು ವರ್ಷ ತಾನು ಹೊತ್ತದ್ದರಲ್ಲಿ ಸುಳ್ಳು ಇರಲಿಲ್ಲ, ಅವನು ಅಂಗಳದಲ್ಲಿ ನಿಂತು ಹೇಳಿದ್ದರಲ್ಲೂ ಇರಲಿಲ್ಲ. ಟೆಂಪೋದವನಿಗೆ ಬೇಡ ಎನ್ನಬೇಕು ಎಂದುಕೊಂಡಳು.

‘ಈಗ ಕೇಳ್ಲಾ?’ ಎಂದ ಗುರುವಪ್ಪ. ಮುಖ ಬದಲಾಗುತ್ತದೋ ಎಂದು ಅವಳನ್ನೇ ನೋಡುತ್ತಿದ್ದ. ‘ಆ ದಿನ ಎಂತ ಹೇಳಿದ್ದು ನೀನು?’

ಅವಳು ಅವನ ಕಣ್ಣಿಗೆ ಕಣ್ಣಿಟ್ಟು, ಒಂದೊಂದೇ ಮಾತು ಬಿಡಿಸಿ, ‘ಅಮ್ಮ ತೀರಿಹೋದ್ರು’ ಎಂದಳು. ಎಣಿಸಲು ಮರೆತಳು. ಮಾತು ಅವನೊಳಗೆ ಇಳಿಯುವುದು, ತನ್ನ ಜಾಗ ಹುಡುಕಿ ಸೇರುವುದು ಮುಖದ ಮೇಲೇ ಕಾಣುತ್ತಿತ್ತು. ಹಳೆಯ ಸುದ್ದಿ ಕೇಳಿದವನ ಮುಖವಾಗಿರಲಿಲ್ಲ ಅದು. ಅವನ ಕಣ್ಣು ತುಂಬಿತು.

‘ಯಾವಾಗ?’ ಎಂದು ಕೇಳಿದ.

‘ಈಗ, ಬೆಳಗ್ಗೆ ಐದು ಗಂಟೆಗೆ,’ ಎಂದಳು ದಮಯಂತಿ. ಹನ್ನೊಂದು ವರ್ಷದಿಂದ ಬಾರದ ಅಳು ಬಂದುಬಿಟ್ಟಿತು.

‘ಹೊರಡುವ,’ ಎಂದು ಅವನು ಅವಳ ಎರಡೂ ಕೈ ಹಿಡಿದುಕೊಂಡ. ‘ನಾನೂ ಬರ್ತೇನೆ.’